ಮೂತಿ ಬಿರಿದ ಮಿಗ್-21: ಒಂದು ಪ್ಲಾಸ್ಟಿಕ್ ಮಾದರಿಯ ದುರಸ್ತಿ ಪ್ರಕರಣ

ನಿವೃತ್ತ ಮೇಷ್ಟ್ರೊಬ್ಬರು ಕೆಲವು ವರ್ಷಗಳ ಹಿಂದೆ 1:48 ಅಳತೆಯ, ಅಂದರೆ ನಿಜದ ನಲವತ್ತೆಂಟನೆಯ ಒಂದು ಪಾಲಿನ, ಮಿಗ್-21ಎಫ್‌ಎಲ್ ಯುದ್ಧವಿಮಾನದ ಮಾದರಿಯೊಂದನ್ನು ಜೋಡಿಸಿದ್ದರು. ಕಾಕ್‌ಪಿಟ್ ಮುಗಿದಿತ್ತು, ಮೈ ಮತ್ತು ರೆಕ್ಕೆ ಕೂಡಿಸಿ ಆಗಿತ್ತು, ಬೂದು ಪ್ರೈಮರ್ ಕೂಡ ಹೊಡೆದಿದ್ದರು. ಬಣ್ಣಕ್ಕೆ ಕೈಹಚ್ಚುವ ಹೊತ್ತಿಗೆ ಮನೆಯ ಬೇರೆ ಕೆಲಸಗಳು ಅಡ್ಡ ಬಂದು ಮಾದರಿ ರಟ್ಟಿನ ಪೆಟ್ಟಿಗೆ ಸೇರಿತು, ಪೆಟ್ಟಿಗೆ ಮರದ ಕಪಾಟು ಸೇರಿತು. ಈಚೆಗೆ ತೆಗೆದು ನೋಡಿದರೆ ಮೂತಿಯ ತಳದಲ್ಲಿ, ಗಾಳಿ ಹೊಗುವ ಬಾಯಿಯ ಉಂಗುರದಿಂದ ಮುಂದಿನ ಚಕ್ರದ ಗೂಡಿನವರೆಗೆ, ಎಡಬಲ ಹೋಳುಗಳು ಕೂಡುವ ಗೆರೆ ಬಿರಿದಿತ್ತು.

ಅವರು ನನ್ನ ಬಳಿ ಬಂದದ್ದು ಒಂದೇ ಪ್ರಶ್ನೆ ಹೊತ್ತು: "ಇದಕ್ಕೆ ಯಾವ ಪುಟ್ಟಿ ತುಂಬಿದರೆ ಒಳ್ಳೆಯದು?" ಬೇಸಿಗೆಯ ಸೆಕೆಗೆ ಪ್ಲಾಸ್ಟಿಕ್ ಹಿಗ್ಗಿ ಅಂಟು ಬಿಟ್ಟಿದೆ ಎಂದು ಅವರು ಆಗಲೇ ತೀರ್ಮಾನಿಸಿದ್ದರು. ಪುಟ್ಟಿಯ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಿತ್ತು. ಆದರೆ ಕೂಡಿಸಿದ ಗೆರೆ ಯಾಕೆ ಬಿರಿಯಿತು ಎಂಬುದು ಗೊತ್ತಾಗದೆ ಅದನ್ನು ಮುಚ್ಚಲು ಹೊರಡುವುದು ನನಗೆ ಒಗ್ಗುವುದಿಲ್ಲ.

ಬಿರುಕು ಏನು ಹೇಳುತ್ತಿತ್ತು

ಮೊದಲು ಸೆಕೆಯ ವಾದವನ್ನು ನೋಡಿದೆವು. ಮಾದರಿಗಳಿಗೆ ಬಳಸುವ ಪಾಲಿಸ್ಟೈರೀನ್ ಮೆತ್ತಗಾಗುವುದು ಹೆಚ್ಚುಕಡಿಮೆ 100 ಡಿಗ್ರಿ ಸೆಲ್ಸಿಯಸ್ ಹತ್ತಿರ. ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ತೆಳುವಾದ ಭಾಗಗಳು ಡೊಂಕಾಗುವುದುಂಟು. ಕಪಾಟಿನ ಒಳಗೆ ಅಂಥ ಶಾಖ ಬರುವುದಿಲ್ಲ. ಬಂದಿದ್ದರೂ ಮೊದಲು ಬಾಗಬೇಕಾದದ್ದು ರೆಕ್ಕೆಯ ಹಿಂದಿನ ತೆಳು ಅಂಚು, ಬಾಲದ ತುದಿ, ಮೂತಿಯ ಮೇಲೆ ಮುಂದಕ್ಕೆ ಚಾಚಿದ, ವೇಗ ಅಳೆಯುವ ಪಿಟೋ ಕೊಳವೆ. ಈ ಮಾದರಿಯಲ್ಲಿ ಅವೆಲ್ಲ ನೆಟ್ಟಗಿದ್ದವು. ಇಡೀ ವಿಮಾನದಲ್ಲೇ ಗಟ್ಟಿಮುಟ್ಟಾದ, ಕೊಳವೆಯಂತೆ ದುಂಡಗಿರುವ ಜಾಗವೇ ಕೆಟ್ಟಿತ್ತು.

ಇನ್ನು ಅಂಟು ಬಿಟ್ಟ ವಾದ. ಅಂಟು ಸಾಲದೆ ಬಿಟ್ಟಿದ್ದರೆ ಕೂದಲೆಳೆಯಷ್ಟು ಸಂದು ಕಾಣುತ್ತದೆ, ಎರಡು ಬೆರಳಲ್ಲಿ ಅದುಮಿದರೆ ಹೋಳುಗಳು ಕೂಡಿಕೊಳ್ಳುತ್ತವೆ. ಇಲ್ಲಿ ಅದುಮಿದರೆ ಸಂದು ಒಂದಿಷ್ಟೂ ಕಿರಿದಾಗಲಿಲ್ಲ. ಬೆರಳಿಗೆ ಒಳಗಿನಿಂದ ಗಟ್ಟಿಯಾದ ಏನೋ ತಡೆಯುತ್ತಿರುವುದು ತಿಳಿಯುತ್ತಿತ್ತು. ಸಂದಿನ ಎರಡೂ ಅಂಚು ಹೊರಕ್ಕೆ ಮಡಚಿದ್ದವು. ಉಗುರು ಅಡ್ಡ ಎಳೆದರೆ ಎರಡು ಕಡೆಯೂ ಏರು ಸಿಗುತ್ತಿತ್ತು. ಮೂತಿಯ ಎಡಬಲ ಕೆನ್ನೆಗಳೂ ಮಳೆಗಾಲದ ಬಾಗಿಲಿನಂತೆ ಉಬ್ಬಿದ್ದವು. ಭೂತಗನ್ನಡಿ ಹಿಡಿದಾಗ ಇನ್ನೊಂದು ಕಂಡಿತು. ಮಿಗ್-21ಎಫ್‌ಎಲ್‌ನ ಕಾಕ್‌ಪಿಟ್ ಗಾಜು ಮುಂದಿನ ಭಾಗವೂ ಸೇರಿ ಒಂದೇ ತುಂಡು, ಮುಂದಕ್ಕೆ ಮಗುಚಿ ತೆರೆಯುವಂಥದ್ದು. ಮೇಷ್ಟ್ರು ಅದನ್ನು ಮುಚ್ಚಿ ಅಂಟಿಸಿದ್ದರು. ಪೈಲಟ್ ಆಸನದ ತಲೆದಿಂಬು ಆ ಗಾಜಿನ ಒಳಮೈಗೆ ತಾಗಿ ನಿಂತಿತ್ತು. ಕಾಕ್‌ಪಿಟ್ ಕೂರಿಸುವಾಗ ನಡುವೆ ಸಾಕಷ್ಟು ಜಾಗವಿತ್ತೆಂದು ಮೇಷ್ಟ್ರಿಗೆ ಚೆನ್ನಾಗಿ ನೆನಪಿತ್ತು. ಅಂದರೆ ಕಾಕ್‌ಪಿಟ್‌ನ ನೆಲವೇ ಮೇಲೆದ್ದಿದೆ.

ಕೆಳಕ್ಕೆ ಬಿರುಕು, ಪಕ್ಕಕ್ಕೆ ಉಬ್ಬು, ಮೇಲಕ್ಕೆ ಏರಿದ ನೆಲ. ಮೂರು ದಿಕ್ಕಿಗೂ ತಳ್ಳುತ್ತಿರುವ ವಸ್ತು ನಡುವೆ ಇರಲೇಬೇಕು. "ಮೂತಿಯಲ್ಲಿ ಏನು ತುಂಬಿದ್ದೀರಿ ಮೇಷ್ಟ್ರೇ?" ಎಂದು ಕೇಳಿದೆ.

"ತೂಕಕ್ಕೆ ಸೀಸದ ಗುಂಡು. ಅಲುಗದಿರಲಿ ಎಂದು ಬಿಳಿ ಅಂಟು ಸುರಿದಿದ್ದೆ."

ಸಂದಿನ ಒಳಗೆ ಸೂಜಿ ಆಡಿಸಿದಾಗ ತುದಿಗೆ ಸುಣ್ಣದಂಥ ಬಿಳಿ ಪುಡಿ ಅಂಟಿಕೊಂಡು ಬಂತು. ಅಲ್ಲಿಗೆ ರೋಗ ಯಾವುದೆಂಬ ಬಗ್ಗೆ ನನಗೆ ಅನುಮಾನ ಉಳಿಯಲಿಲ್ಲ.

ಸೀಸ ಮತ್ತು ಬಿಳಿ ಅಂಟು

ಮೂರು ಚಕ್ರದ ಜೆಟ್ ಮಾದರಿಗಳಲ್ಲಿ ಮೂತಿಗೆ ತೂಕ ಇಡುವುದು ಹಳೆಯ ರೂಢಿ. ನಿಜವಾದ ವಿಮಾನದ ಮೂತಿಯಲ್ಲಿ ರಾಡಾರ್, ಬ್ಯಾಟರಿ, ಉಪಕರಣಗಳ ಭಾರವಿರುತ್ತದೆ. ಮಾದರಿಯಲ್ಲಿ ಅದು ಟೊಳ್ಳು. ರೆಕ್ಕೆ, ಬಾಲಗಳ ಪ್ಲಾಸ್ಟಿಕ್ ಹಿಂದಿನ ಚಕ್ರಗಳಿಗಿಂತ ಹಿಂದಕ್ಕೆ ಸೇರಿಕೊಂಡಿರುವುದರಿಂದ ತೂಕವಿಲ್ಲದಿದ್ದರೆ ಮಾದರಿ ಬಾಲ ಊರಿ ಕೂರುತ್ತದೆ. ಸೀಸ ಅಗ್ಗ, ಸುಲಭವಾಗಿ ಸಿಗುತ್ತದೆ, ಚಿಕ್ಕ ಜಾಗದಲ್ಲಿ ಹೆಚ್ಚು ಭಾರ ಕೊಡುತ್ತದೆ. ಬಿಳಿ ಅಂಟು, ಅಂದರೆ ಮರಗೆಲಸದ ಪಾಲಿವಿನೈಲ್ ಅಸಿಟೇಟ್ ಅಂಟು, ಸಂದುಗೊಂದಿಗೆಲ್ಲ ಇಳಿದು ಗುಂಡುಗಳನ್ನು ಹಿಡಿದುಕೊಳ್ಳುತ್ತದೆ. ಎರಡೂ ಬೇರೆ ಬೇರೆಯಾಗಿ ನಿರುಪದ್ರವಿ ಎನಿಸುವಂಥವು. ಒಟ್ಟಿಗೆ ಮುಚ್ಚಿದ ಜಾಗದಲ್ಲಿಟ್ಟರೆ ನಿಧಾನವಾಗಿ ಅನಾಹುತ ಶುರುವಾಗುತ್ತದೆ.

ಬಿಳಿ ಅಂಟು ಹಳತಾಗುತ್ತ ಅತ್ಯಲ್ಪ ಪ್ರಮಾಣದಲ್ಲಿ ಅಸಿಟಿಕ್ ಆಮ್ಲ ಬಿಡುತ್ತದೆ. ವಿನೆಗರ್‌ನ ಹುಳಿ ಅದೇ. ಆ ಆಮ್ಲ ಸೀಸದ ಮೇಲ್ಮೈಯನ್ನು ತಿಂದು ಸೀಸದ ಅಸಿಟೇಟ್ ಮಾಡುತ್ತದೆ. ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿ ಅದನ್ನು ಕಾರ್ಬೊನೇಟ್ ಆಗಿ ಬದಲಿಸುತ್ತವೆ. ಹೀಗೆ ಬದಲಾಗುವಾಗ ಆಮ್ಲ ಮತ್ತೆ ಬಿಡುಗಡೆಯಾಗುತ್ತದೆ, ಇನ್ನೊಂದು ಪದರ ಸೀಸದ ಮೇಲೆ ಬೀಳುತ್ತದೆ. ಹಾಗಾಗಿ ಚೂರೇ ಆಮ್ಲ ಇದ್ದರೂ ಸಾಕು, ಕೆಲಸ ನಿಲ್ಲುವುದಿಲ್ಲ. ಶತಮಾನಗಳ ಕಾಲ ಚಿತ್ರಕಾರರು ಬಳಸಿದ ಸೀಸದ ಬಿಳಿ ಬಣ್ಣವನ್ನು ತಯಾರಿಸುತ್ತಿದ್ದದ್ದೂ ಇದೇ ಕ್ರಮದಲ್ಲಿ: ಸೀಸದ ತಗಡನ್ನು ವಿನೆಗರ್ ಇಟ್ಟ ಮಡಕೆಗಳಲ್ಲಿ ಮುಚ್ಚಿಟ್ಟು, ತಿಂಗಳುಗಟ್ಟಲೆ ಬಿಟ್ಟು, ಮೇಲೆ ಕಟ್ಟಿದ ಬಿಳಿ ಪುಡಿಯನ್ನು ಕೆರೆದುಕೊಳ್ಳುತ್ತಿದ್ದರು. ಮೇಷ್ಟ್ರ ಮಿಗ್‌ನ ಮೂತಿಯಲ್ಲಿ ಆ ಕಾರ್ಖಾನೆಯೇ ಸಣ್ಣದಾಗಿ ನಡೆದಿತ್ತು.

ಪ್ಲಾಸ್ಟಿಕ್ ಬಿರಿಯಲು ಕಾರಣ ಗಾತ್ರ. ಸೀಸದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 11.3 ಗ್ರಾಂ, ಈ ಕಾರ್ಬೊನೇಟಿನದು ಸುಮಾರು 6.8. ಜೊತೆಗೆ ಇಂಗಾಲ, ಆಮ್ಲಜನಕ, ಜಲಜನಕಗಳು ಸೇರಿ ತೂಕವೂ ಏರಿರುತ್ತದೆ. ಲೆಕ್ಕ ಹಾಕಿದರೆ ಪೂರ್ತಿ ಬದಲಾದ ಸೀಸ ಮೊದಲಿನ ಎರಡು ಪಟ್ಟು ಜಾಗ ಕೇಳುತ್ತದೆ. ಪುಡಿ ಸಡಿಲವಾಗಿರುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಮುಚ್ಚಿದ ಮೂತಿಯಲ್ಲಿ ಆ ಜಾಗ ಎಲ್ಲಿಂದ ಬರಬೇಕು? ರೈಲು ಮಾದರಿ ಮಾಡುವವರಿಗೆ ಇದು ಚೆನ್ನಾಗಿ ಪರಿಚಯವಿರುವ ರೋಗ. ಎಂಜಿನ್ನಿನ ಬಾಯ್ಲರ್ ಒಳಗೆ ಬಿಳಿ ಅಂಟಿನಲ್ಲಿ ಸೀಸ ತುಂಬಿ, ವರ್ಷಗಳ ನಂತರ ಬಾಯ್ಲರ್ ಒಡೆದುಕೊಂಡವರು ಬಹಳ ಮಂದಿ. ವಿಮಾನ ಮಾದರಿಯವರಲ್ಲಿ ಈ ಎಚ್ಚರ ಅಷ್ಟಾಗಿ ಕಾಣುವುದಿಲ್ಲ. ಪ್ರಾಯಶಃ ನಾವು ಹಾಕುವ ತೂಕ ಕಡಿಮೆ ಎಂಬುದೊಂದು ಕಾರಣ. ಬಿರುಕು ಕಂಡರೆ ತಕ್ಷಣ ಪುಟ್ಟಿ ಬಳಿದು ಮುಗಿಸುವ ನಮ್ಮ ಅಭ್ಯಾಸ ಇನ್ನೊಂದು ಕಾರಣ.

ಮರದ ಕಪಾಟು ಮತ್ತು ರಟ್ಟಿನ ಪೆಟ್ಟಿಗೆ ಬೆಂಕಿಗೆ ತುಪ್ಪ ಸುರಿದಿರಬಹುದು. ಮರವೂ ರಟ್ಟೂ ತಾವೇ ಅಲ್ಪಸ್ವಲ್ಪ ಅಸಿಟಿಕ್ ಆಮ್ಲದ ಆವಿ ಬಿಡುತ್ತವೆ; ವಸ್ತುಸಂಗ್ರಹಾಲಯಗಳಲ್ಲಿ ಸೀಸದ ವಸ್ತುಗಳನ್ನು ಮರದ ಕಪಾಟಿನಲ್ಲಿ ಇಡದಿರುವುದು ಇದಕ್ಕೇ.

ಮೂತಿ ಬಿಚ್ಚಿದ್ದು

ಬಿಚ್ಚುವ ಮುನ್ನ ಒಂದು ಮಾತು. ಈ ಬಿಳಿ ಪುಡಿ ವಿಷ. ಗಟ್ಟಿ ಸೀಸವನ್ನು ಕೈಯಲ್ಲಿ ಹಿಡಿದು ಕೈ ತೊಳೆದುಕೊಂಡರೆ ಸಾಮಾನ್ಯವಾಗಿ ಸಾಕು. ಪುಡಿ ಹಾಗಲ್ಲ, ಉಸಿರಿನಲ್ಲಿ ಹೋಗುತ್ತದೆ, ಬೆರಳಿನಿಂದ ಬಾಯಿಗೆ ಹೋಗುತ್ತದೆ. ಆದ್ದರಿಂದ ಕೈಗವಸು, ಮುಖಕ್ಕೆ ಸರಿಯಾದ ಮಾಸ್ಕ್, ಮೇಜಿನ ಮೇಲೆ ಒದ್ದೆ ಕಾಗದ. ಕೆಲಸವೆಲ್ಲ ನೀರು ಹಚ್ಚಿಕೊಂಡೇ ನಡೆಯಿತು. ಊದುವುದು, ಬ್ರಷ್‌ನಿಂದ ಗುಡಿಸುವುದು, ಒಣಗಿದ್ದಾಗ ಉಜ್ಜುವುದು ಮೂರೂ ನಿಷಿದ್ಧ. ಮೇಷ್ಟ್ರ ಮೊಮ್ಮಗ ನೋಡಲು ಬರುತ್ತೇನೆಂದು ಹಟ ಹಿಡಿದಿದ್ದ. ಅವನನ್ನು ಆ ದಿನದ ಮಟ್ಟಿಗೆ ದೂರ ಇಟ್ಟೆವು.

ಬಾಯಿಯ ಉಂಗುರ ಬೇರೆ ತುಂಡಾದ್ದರಿಂದ ಅದನ್ನು ತೆಳು ಗರಗಸದಿಂದ ಬಿಡಿಸಿ, ಬಿರುಕಿನ ಗುಂಟವೇ ಮುಂದಿನ ಚಕ್ರದ ಗೂಡಿನವರೆಗೆ ಕೊಯ್ದು ತೆರೆದೆವು. ಒಳಗೆ ಗುಂಡುಗಳು ಗುಂಡುಗಳಾಗಿ ಉಳಿದಿರಲಿಲ್ಲ. ಹೊರಗಿನವು ಪೂರ್ತಿ ಬಿಳಿ ಬೂಷ್ಟಾಗಿದ್ದವು, ನಡುವಿನವುಗಳಲ್ಲಿ ಮಾತ್ರ ಬೂದು ಲೋಹದ ತಿರುಳು ಕಾಣುತ್ತಿತ್ತು. ಅಂಟು ಹಳದಿ ತಿರುಗಿ ರಬ್ಬರಿನಂತಾಗಿತ್ತು. ಇಡೀ ಮುದ್ದೆ ಕಾಕ್‌ಪಿಟ್‌ನ ನೆಲದ ಅಡಿಯ ಆಕಾರವನ್ನು ಅಚ್ಚೊತ್ತಿಕೊಂಡಿತ್ತು. ಒದ್ದೆಯಾಗಿಟ್ಟೇ ಅದನ್ನು ತುಂಡು ತುಂಡಾಗಿ ಕಿತ್ತು, ಬಳಸಿದ ಕಾಗದ ಸಮೇತ ಮುಚ್ಚಳದ ಡಬ್ಬಿಗೆ ಹಾಕಿ, ಮನೆಯ ಕಸಕ್ಕೆ ಸೇರಿಸದೆ ಅಪಾಯಕಾರಿ ತ್ಯಾಜ್ಯಕ್ಕೆ ಎತ್ತಿಟ್ಟೆವು. ಒಳಗೋಡೆಯಲ್ಲಿ ಒಂದು ಕಣವೂ ಬಿಳಿ ಉಳಿಯದಂತೆ ತೊಳೆಯುವುದಕ್ಕೆ ಬಿಚ್ಚುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಎಷ್ಟು ತೂಕ, ಎಲ್ಲಿ

ಮೇಷ್ಟ್ರು ತುಂಬಿದ್ದ ಸೀಸ ಬೇಕಾದದ್ದಕ್ಕಿಂತ ಬಹಳ ಹೆಚ್ಚಿತ್ತು. "ಕಡಿಮೆಯಾಗಿ ಬಾಲ ಊರುವುದಕ್ಕಿಂತ ಹೆಚ್ಚಿದ್ದರೆ ನಷ್ಟವೇನು?" ಎಂಬುದು ಅವರ ವಾದ. ನಷ್ಟ ಮುಂದಿನ ಚಕ್ರದ ಕಾಲಿಗೆ. ಅದು ಬೆಂಕಿಕಡ್ಡಿಗಿಂತ ತೆಳುವಾದ ಪ್ಲಾಸ್ಟಿಕ್. ವರ್ಷಗಟ್ಟಲೆ ಭಾರ ಹೊತ್ತರೆ ಮುರಿಯದಿದ್ದರೂ ಮೆಲ್ಲಗೆ ಬಾಗುತ್ತದೆ.

ತೂಕ ಕಂಡುಹಿಡಿಯಲು ಊಹೆ ಬೇಕಿಲ್ಲ. ಹಿಂದಿನ ಎರಡು ಚಕ್ರಗಳ ಅಚ್ಚು ಬರುವ ಜಾಗದಲ್ಲಿ ಮಾದರಿಯನ್ನು ಎರಡು ಪೆನ್ಸಿಲ್ ತುದಿಗಳ ಮೇಲೆ ನಿಲ್ಲಿಸಿದೆವು. ರೆಕ್ಕೆಯ ಕೆಳಗೆ ತೂಗುವ ಕೆ-13 ಕ್ಷಿಪಣಿಗಳನ್ನೂ ಹೊಟ್ಟೆಯಡಿಯ ಇಂಧನ ಟ್ಯಾಂಕನ್ನೂ ಅವುಗಳ ಜಾಗದಲ್ಲೇ ಟೇಪ್ ಹಾಕಿ ಕೂರಿಸಿದೆವು. ಈ ಬಿಡಿಭಾಗಗಳನ್ನು ಮರೆತರೆ ಕೊನೆಯಲ್ಲಿ ಲೆಕ್ಕ ತಪ್ಪುತ್ತದೆ. ಆಮೇಲೆ ಮೂತಿಯ ತುದಿಗೆ ಜೇಡಿಯಂಥ ಅಂಟುಮುದ್ದೆ ಚೂರು ಚೂರೇ ಸೇರಿಸುತ್ತ ಹೋದರೆ ಒಂದು ಹಂತದಲ್ಲಿ ಮೂತಿ ಕೆಳಗಿಳಿಯುತ್ತದೆ. ಆ ಮುದ್ದೆಯ ತೂಕಕ್ಕೆ ಅದರ ಮೂರನೆಯ ಒಂದು ಪಾಲು ಸೇರಿಸಿದರೆ ಮುಗಿಯಿತು.

ಸೀಸ ಬೇಡವೆಂದ ಮೇಲೆ ಉಳಿದದ್ದು ಉಕ್ಕು, ಹಿತ್ತಾಳೆ, ಟಂಗ್‌ಸ್ಟನ್. ಟಂಗ್‌ಸ್ಟನ್ ಸೀಸಕ್ಕಿಂತಲೂ ಭಾರ, ಸಾಂದ್ರತೆ 19.3; ಜಾಗ ತೀರಾ ಕಡಿಮೆಯಿರುವಲ್ಲಿ ಅದರ ಪುಡಿ ಬೆರೆಸಿದ ಪುಟ್ಟಿ ಒಳ್ಳೆಯದು. ಉಕ್ಕಿನ ಸಾಂದ್ರತೆ 7.8 ಮಾತ್ರ, ಹಾಗಾಗಿ ಅದೇ ಭಾರಕ್ಕೆ ಸೀಸದ ಒಂದೂವರೆ ಪಟ್ಟು ಜಾಗ ಬೇಕು. ಮಿಗ್-21ರ ಮೂತಿಯಲ್ಲಿ ಜಾಗ ಧಾರಾಳವಾಗಿಲ್ಲ. ಗಾಳಿಯ ಕೊಳವೆ ಕಾಕ್‌ಪಿಟ್‌ನ ಎರಡೂ ಬದಿಗೆ ಕವಲೊಡೆದು ಹೋಗುತ್ತದೆ, ಅದರಡಿ ಚಕ್ರದ ಗೂಡು. ಆದರೆ ಬಾಯಿಯ ನಡುವೆ ಚೂಪಾದ ಶಂಕು ಇದೆ. ನಿಜವಾದ ವಿಮಾನದಲ್ಲಿ ರಾಡಾರ್ ಇರುವುದು ಅದರೊಳಗೆ. ಕಿಟ್‌ನಲ್ಲಿ ಅದು ಟೊಳ್ಳು, ಮೇಷ್ಟ್ರು ಅದನ್ನು ಖಾಲಿ ಬಿಟ್ಟಿದ್ದರು. ಶಂಕು ಅತ್ಯಂತ ಮುಂದಿರುವುದರಿಂದ ಅದರಲ್ಲಿಟ್ಟ ಒಂದು ಗ್ರಾಂ ಮಾಡುವ ಕೆಲಸಕ್ಕೆ ಕಾಕ್‌ಪಿಟ್ ಹಿಂದೆ ಎರಡಕ್ಕಿಂತ ಹೆಚ್ಚು ಗ್ರಾಂ ಬೇಕು. ಅಲ್ಲಿ ತುಂಬಿದರೆ ಉಕ್ಕೇ ಸಾಕಾಯಿತು. ಬೇರಿಂಗ್‌ನ ಸಣ್ಣ ಗುಂಡುಗಳನ್ನು ಎರಡು ಭಾಗ ಬೆರೆಸುವ ಎಪಾಕ್ಸಿಯಲ್ಲಿ ಕೂರಿಸಿದೆವು. ಎಪಾಕ್ಸಿ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುವುದಿಲ್ಲ. ಗಟ್ಟಿಯಾಗುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಸೀಲೆಂಟ್ ಮಾತ್ರ ಬಿಳಿ ಅಂಟಿನಷ್ಟೇ ಕೆಟ್ಟದ್ದು; ಅದನ್ನು ಇಂಥ ಕೆಲಸಕ್ಕೆ ಬಳಸುವವರು ವಾಸನೆಯಿಂದಲೇ ಅರ್ಥಮಾಡಿಕೊಳ್ಳಬೇಕು.

ಬೆಳ್ಳಿ ಮೈಯೋ, ಹಸಿರು ಮೈಯೋ

ಇನ್ನು ಮೂತಿಯನ್ನು ಮುಚ್ಚಬೇಕು. ಆದರೆ ಹೇಗೆ ಮುಚ್ಚಬೇಕೆಂಬುದು ಮೇಲೆ ಯಾವ ಬಣ್ಣ ಬರುತ್ತದೆ ಎಂಬುದನ್ನು ಅವಲಂಬಿಸಿದೆ. ನಾವು ಜಗಳವಾಡಿದ್ದು ಇಲ್ಲಿಯೇ.

ಮಿಗ್-21 ಭಾರತೀಯ ವಾಯುಪಡೆಗೆ ಬಂದದ್ದು 1963ರಲ್ಲಿ, ಚಂಡೀಗಢದ 28ನೇ ಸ್ಕ್ವಾಡ್ರನ್‌ಗೆ. ಅದರ ನಂತರ ಬಂದ ಎಫ್‌ಎಲ್ ಮಾದರಿಯನ್ನು ಎಚ್‌ಎಎಲ್ ಪರವಾನಗಿ ಪಡೆದು ಇಲ್ಲಿಯೇ ತಯಾರಿಸಿತು. ವಿಮಾನದ ಮೈ ನಾಸಿಕ್‌ನಲ್ಲಿ, ಎಂಜಿನ್ ಕೊರಾಪುಟ್‌ನಲ್ಲಿ, ಎಲೆಕ್ಟ್ರಾನಿಕ್ ಉಪಕರಣಗಳು ಹೈದರಾಬಾದ್‌ನಲ್ಲಿ. ಬಳಕೆಯಲ್ಲಿ ಅದರ ಹೆಸರು ಟೈಪ್ 77. ಆರಂಭದಲ್ಲಿ ಇವು ಬಣ್ಣವಿಲ್ಲದ ಲೋಹದ ಮೈಯಲ್ಲೇ ಹಾರುತ್ತಿದ್ದವು. 1971ರ ಯುದ್ಧದ ಹೊತ್ತಿಗೆ ಆ ಹೊಳಪು ಶತ್ರುವಿನ ಕಣ್ಣಿಗೆ ಬೀಳುತ್ತದೆಂದು ತರಾತುರಿಯಲ್ಲಿ ಹಸಿರು, ಕಂದು ಬಳಿದರು. ಒಂದು ವಿಮಾನದಂತೆ ಇನ್ನೊಂದಿರಲಿಲ್ಲ. ಡಿಸೆಂಬರ್ 14ರಂದು ಢಾಕಾದ ಗವರ್ನರ್ ಭವನದ ಮೇಲೆ ರಾಕೆಟ್ ಹಾರಿಸಿದ್ದೂ ಮಿಗ್-21ಗಳೇ.

ನಾನು 1971ರ ಪರ ವಾದಿಸಿದೆ. ಕೈಯಲ್ಲಿ ಬಳಿದ ಮಸುಕು ಬಣ್ಣದ ಕೆಳಗೆ ದುರಸ್ತಿಯ ಯಾವ ಗುರುತೂ ಕಾಣುವುದಿಲ್ಲ, ಇತಿಹಾಸಕ್ಕೂ ಮೋಸವಾಗುವುದಿಲ್ಲ. ಮೇಷ್ಟ್ರು ಒಪ್ಪಲಿಲ್ಲ. "ನಾನು ಈ ಕಿಟ್ ತಂದದ್ದೇ ಬೆಳ್ಳಿ ಮೈಗಾಗಿ. ಹಸಿರು ಬೇಕಿದ್ದರೆ ಬೇರೆ ವಿಮಾನ ಮಾಡುತ್ತಿದ್ದೆ," ಎಂದರು. ಮಾದರಿ ಅವರದು, ಮಾತು ಅಲ್ಲಿಗೆ ನಿಂತಿತು.

ಬೆಳ್ಳಿ ಮೈ ಎಂದರೆ ತೊಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಸುಕು ಬಣ್ಣ ಬೆಳಕನ್ನು ಎಲ್ಲ ಕಡೆ ಚೆದುರಿಸುತ್ತದೆ, ಸಣ್ಣ ಏರುತಗ್ಗು ಅದರಲ್ಲಿ ಮರೆಯಾಗುತ್ತದೆ. ಲೋಹದ ಬಣ್ಣದಲ್ಲಿ ಅಲ್ಯೂಮಿನಿಯಂನ ಚಪ್ಪಟೆ ಚೂರುಗಳು ಮೈಗೆ ಸಮನಾಗಿ ಮಲಗಿ ಬೆಳಕನ್ನು ಒಂದೇ ಕಡೆ ತಿರುಗಿಸುತ್ತವೆ. ಕೆಳಗಿನ ಒಂದು ಗೀರು, ಪುಟ್ಟಿ ಮತ್ತು ಪ್ಲಾಸ್ಟಿಕ್ ಸೇರುವ ಒಂದು ಗಡಿ, ಎಲ್ಲವೂ ಅದರಲ್ಲಿ ಎದ್ದು ಕಾಣುತ್ತವೆ. ಹಾಗಾಗಿ ಬೆಳ್ಳಿ ಮೈ ಹೇಗೆ ಬರುತ್ತದೆ ಎಂಬುದು ಏರ್‌ಬ್ರಷ್ ಕೈಗೆ ಬರುವ ಬಹಳ ಮೊದಲೇ ನಿರ್ಧಾರವಾಗಿರುತ್ತದೆ.

ಮೇಷ್ಟ್ರ ಮೂಲ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈಗ: ಯಾವ ಪುಟ್ಟಿಯೂ ಬೇಡ. ಟ್ಯೂಬಿನ ಪುಟ್ಟಿ ದ್ರಾವಕ ಆರಿದಂತೆಲ್ಲ ಕುಗ್ಗುತ್ತದೆ. ಪ್ಲಾಸ್ಟಿಕ್‌ಗಿಂತ ಮೆತ್ತಗಿರುವುದರಿಂದ ಉಜ್ಜುವಾಗ ಬೇಗ ಸವೆದು ತಗ್ಗಾಗುತ್ತದೆ. ಲೋಹದ ಬಣ್ಣದ ದ್ರಾವಕ ತಾಗಿದಾಗ ಪ್ಲಾಸ್ಟಿಕ್ ಒಂದು ರೀತಿ, ಪುಟ್ಟಿ ಇನ್ನೊಂದು ರೀತಿ ಹೀರಿಕೊಂಡು ಗಡಿ ಮತ್ತೆ ಮೂಡುತ್ತದೆ.

ಮುಚ್ಚಿದ ಕ್ರಮ

ಒಳಗಿನ ಒತ್ತಡ ಹೋದರೂ ಅಂಚುಗಳು ಹಿಂದಕ್ಕೆ ಬರಲಿಲ್ಲ. ವರ್ಷಗಟ್ಟಲೆ ಒತ್ತಡದಲ್ಲಿದ್ದ ಪಾಲಿಸ್ಟೈರೀನ್ ಹೊಸ ಆಕಾರಕ್ಕೇ ಒಗ್ಗಿಬಿಡುತ್ತದೆ. ಬಲವಂತವಾಗಿ ಎಳೆದು ಅಂಟಿಸಿದರೆ ಒಂದಲ್ಲ ಒಂದು ದಿನ ಅಂಟಿನ ಮೇಲೆ ಅದೇ ಎಳೆತ. ಅದಕ್ಕಾಗಿ ಉಬ್ಬಿದ ಕೆನ್ನೆಗಳ ಒಳಮೈಯಲ್ಲಿ ಉದ್ದುದ್ದಕ್ಕೆ ಎರಡೆರಡು ಗೀರು ತೋಡಿ ಗೋಡೆಯನ್ನು ತೆಳುವಾಗಿಸಿದೆವು. ಈಗ ಬೆರಳಿನ ಒತ್ತಿಗೇ ಅದು ಒಳಕ್ಕೆ ಮಣಿಯಿತು.

ಆಕಾರ ಸರಿಯಿದೆಯೇ ಎಂದು ಯಾವುದರಿಂದ ಅಳೆಯುವುದು? ಬಾಯಿಯ ಉಂಗುರದಿಂದ. ಅದು ಬೇರೆ ಅಚ್ಚಿನಲ್ಲಿ ಬಂದ ದುಂಡು ತುಂಡು, ಒತ್ತಡಕ್ಕೆ ಸಿಕ್ಕಿರಲಿಲ್ಲ. ಅದನ್ನೇ ಮೊದಲು ಮೇಲ್ಭಾಗದಲ್ಲಿ ಅಂಟಿಸಿ, ಗಟ್ಟಿಯಾದ ಮೇಲೆ ಎರಡು ಕೆನ್ನೆಗಳನ್ನೂ ಅದರ ಸುತ್ತಳತೆಗೆ ಹೊಂದಿಸುತ್ತ ಕೆಳಗೆ ತಂದೆವು. ಎಡ ಅಂಚಿನ ಒಳಗೆ ತೆಳು ಪ್ಲಾಸ್ಟಿಕ್ ಪಟ್ಟಿ ಮೆಟ್ಟಿಲಿನಂತೆ ಅಂಟಿಸಿದ್ದರಿಂದ ಬಲ ಅಂಚು ಅದರ ಮೇಲೆ ಕೂತಿತು. ಮುಂದುಗಡೆ ಎರಡೂ ಚೆನ್ನಾಗಿ ಕೂಡಿದವು. ಚಕ್ರದ ಗೂಡಿನ ಹತ್ತಿರ ಸಣ್ಣ ತ್ರಿಕೋನದಷ್ಟು ಸಂದು ಉಳಿಯಿತು. ಅದಕ್ಕೆ ಪ್ಲಾಸ್ಟಿಕ್ ಹಾಳೆಯ ಚೂಪಾದ ಚೂರೊಂದನ್ನು ಕೆತ್ತಿ, ದ್ರವ ಸಿಮೆಂಟ್, ಅಂದರೆ ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ಅಂಟು, ಸವರಿ ತುರುಕಿದೆವು. ಚೂರು, ಅಂಚು, ಸಿಮೆಂಟ್ ಮೂರೂ ಕರಗಿ ಒಂದಾಗುವುದರಿಂದ ಗಡಸುತನದಲ್ಲಿ ವ್ಯತ್ಯಾಸವಿರುವುದಿಲ್ಲ. ಆಮೇಲೆ ಮಾದರಿಯನ್ನು ಸುಮ್ಮನೆ ಬಿಟ್ಟೆವು. ಸಿಮೆಂಟಿನ ದ್ರಾವಕ ಪೂರ್ತಿ ಆರುವ ಮುನ್ನ ಉಜ್ಜಿದರೆ ಸಮ ಮಾಡಿದ ಗೆರೆ ವಾರಗಳ ನಂತರ ತಗ್ಗುತ್ತದೆ. ಈ ಕಾಯುವಿಕೆ ಮೇಷ್ಟ್ರಿಗೆ ಹಿಡಿಸಲಿಲ್ಲ.

ಸೂಜಿಮೊನೆಯಷ್ಟು ರಂಧ್ರಗಳಿಗೆ ಮಾತ್ರ ಸೂಪರ್‌ಗ್ಲೂ. ಅದನ್ನು ಗಟ್ಟಿಯಾದ ಕೂಡಲೇ ಉಜ್ಜಬೇಕು. ಮರುದಿನಕ್ಕೆ ಬಿಟ್ಟರೆ ಪ್ಲಾಸ್ಟಿಕ್‌ಗಿಂತ ಗಡುಸಾಗಿ, ಸುತ್ತಲಿನದ್ದೆಲ್ಲ ಸವೆದು ಅದೊಂದು ಗುಳ್ಳೆಯಾಗಿ ಉಳಿಯುತ್ತದೆ. ಉಪ್ಪುಕಾಗದ 600ರಿಂದ ಶುರುವಾಗಿ 1000, 2000, ಆಮೇಲೆ ಪಾಲಿಶ್. ಎಲ್ಲವೂ ನೀರಿನಲ್ಲಿ ಅದ್ದಿ, ಪ್ರತಿ ದರ್ಜೆಯಲ್ಲೂ ಹಿಂದಿನದಕ್ಕೆ ಅಡ್ಡಲಾಗಿ. ಹಿಂದಿನ ಗೀರುಗಳು ಹೋದವೋ ಇಲ್ಲವೋ ತಿಳಿಯುವುದು ಹೀಗೆ ಅಡ್ಡ ಉಜ್ಜಿದಾಗಲೇ. ಉಜ್ಜಿದ್ದರಲ್ಲಿ ಅಳಿಸಿಹೋದ ತಗಡಿನ ಗೆರೆಗಳನ್ನು ಗಟ್ಟಿ ಅಂಟುಪಟ್ಟಿಯೊಂದನ್ನು ಅಳತೆಪಟ್ಟಿಯಂತೆ ಬಳಸಿ ಮತ್ತೆ ತೋಡಿದೆವು.

ಪರೀಕ್ಷೆಗೆ ಮೂತಿಯ ಮೇಲೆ ಮಾತ್ರ ಬೆಳ್ಳಿ ಬಣ್ಣದ ತೆಳು ಪದರ ಹೊಡೆದು ಟಾರ್ಚನ್ನು ಪಕ್ಕದಿಂದ, ಮೈಗೆ ಸಮಾನಾಂತರವಾಗಿ ಹಿಡಿದೆವು. ಉಂಗುರದ ಹಿಂದೆ ಒಂದು ನೆರಳು ಬಿತ್ತು. ಉಜ್ಜಿ, ಮತ್ತೆ ಹೊಡೆದು, ಮತ್ತೆ ಹಿಡಿದು ನೋಡಿದೆವು. ನೆರಳು ಹೋಗುವವರೆಗೆ ಇದೇ ನಡೆಯಿತು.

ಬಣ್ಣದ ವಿಚಾರ ಚುಟುಕಾಗಿ ಹೇಳಿದರೆ ಸಾಕು. ಕೆಳಗೆ ಹೊಳಪಿನ ಕಪ್ಪು, ಮೇಲೆ ಕಡಿಮೆ ಒತ್ತಡದಲ್ಲಿ ಲ್ಯಾಕರ್ ಅಲ್ಯೂಮಿನಿಯಂನ ತೆಳು ಪದರಗಳು. ಕೆಲವು ತಗಡುಗಳು ಒಂದು ಛಾಯೆ ಗಾಢ, ಹೊಗೆ ಬಾಯಿಯ ಸುತ್ತ ಸುಟ್ಟ ಲೋಹದ ಬಣ್ಣ. ಮರೆಮಾಚುವ ಟೇಪನ್ನು ಅಂಟಿಸುವ ಮುನ್ನ ಮುಂಗೈಗೆ ಒತ್ತಿ ಅಂಟು ಕಡಿಮೆ ಮಾಡಿಕೊಂಡದ್ದರಿಂದ ಬಣ್ಣ ಎಲ್ಲೂ ಕಿತ್ತು ಬರಲಿಲ್ಲ. ಮೂತಿಯ ಶಂಕು, ಬಾಲದ ತುದಿ, ಚಕ್ರದ ಹಬ್‌ಗಳು ಹಸಿರು. ಇಷ್ಟು ಬೆಳ್ಳಿಯ ನಡುವೆ ಆ ಹಸಿರು ಬಿದ್ದಾಗಲೇ ಅದು ಮಿಗ್ ಎನಿಸುವುದು.

ಡೆಕಾಲ್ ಹಾಳೆಯೂ, ಅಂದರೆ ನೀರಿನಲ್ಲಿ ನೆನೆಸಿ ಮೈಗೆ ಅಂಟಿಸುವ ಚಿಹ್ನೆ, ಅಂಕಿಗಳ ಹಾಳೆಯೂ, ಅದೇ ಪೆಟ್ಟಿಗೆಯಲ್ಲಿದ್ದು ಹಳದಿ ತಿರುಗಿತ್ತು. ಪಾರದರ್ಶಕ ಚೀಲದಲ್ಲಿ ಹಾಕಿ ಕಿಟಕಿಯ ಗಾಜಿಗೆ ಅಂಟಿಸಿ ಬಿಸಿಲಿಗೆ ಬಿಟ್ಟಾಗ ಹಳದಿ ಇಳಿದು, ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರಿನ ವೃತ್ತಗಳು ಮತ್ತೆ ಸ್ವಚ್ಛವಾದವು. ಹಾಳೆ ಪೆಡಸಾಗಿರಬಹುದೆಂದು ಬೇಡದ ಒಂದು ಅಂಕಿಯನ್ನು ಮೊದಲು ನೀರಿಗೆ ಬಿಟ್ಟು ನೋಡಿದೆವು, ಅದು ಚೂರಾಯಿತು. ಉಳಿದವುಗಳ ಮೇಲೆ ಪಾರದರ್ಶಕ ವಾರ್ನಿಷ್ ಹೊಡೆದು ಹಿಡಿಸಿದ ಮೇಲೆಯೇ ಬಳಸಿದೆವು. ಡೆಕಾಲ್ ಮೆತ್ತಗಾಗಿಸುವ ದ್ರಾವಣ ಲೋಹದ ಬಣ್ಣಕ್ಕೆ ಕಲೆ ಮಾಡುತ್ತದೆಯೇ ಎಂದು ರೆಕ್ಕೆಯ ಅಡಿಯಲ್ಲಿ ಪರೀಕ್ಷಿಸಿದ್ದೂ ಉಪಯೋಗಕ್ಕೆ ಬಂತು. ಒಂದು ಬಗೆಯದು ಮಾಡಿತು, ಬೇರೊಂದು ಮಾಡಲಿಲ್ಲ.

ಫಲಿತಾಂಶ

ರೆಕ್ಕೆಯ ತುದಿಯಿಂದ ತುದಿಗೆ 15 ಸೆಂಟಿಮೀಟರಿಗೆ ಚೂರು ಕಡಿಮೆ ಇರುವ ಈ ಮಿಗ್ ಈಗ ಮೂರು ಚಕ್ರದ ಮೇಲೆ ನೆಟ್ಟಗೆ ನಿಂತಿದೆ. ಬೆರಳಲ್ಲಿ ಬಾಲ ಒತ್ತಿ ಬಿಟ್ಟರೆ ಮೂತಿ ತಾನೇ ಕೆಳಗಿಳಿಯುತ್ತದೆ, ಮುಂದಿನ ಕಾಲು ಬಾಗಿಲ್ಲ. ತಲೆಕೆಳಗಾಗಿ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿದರೆ ಚಕ್ರದ ಗೂಡಿನ ಮುಂದೆ, ಪ್ಲಾಸ್ಟಿಕ್ ಚೂರು ಕೂರಿಸಿದ ಜಾಗದಲ್ಲಿ, ತೆಳುವಾದ ಅಲೆ ಕಾಣುತ್ತದೆ. ಅದನ್ನು ಇನ್ನಷ್ಟು ಉಜ್ಜಿದ್ದರೆ ಒಳಗೆ ತೋಡಿ ತೆಳುವಾಗಿಸಿದ ಗೋಡೆ ತೂತು ಬೀಳುವ ಅಪಾಯವಿತ್ತು. ನಿಲ್ಲಿಸಿದ್ದೇ ಸರಿ ಎಂಬುದು ನನ್ನ ಅಭಿಪ್ರಾಯ. ಮೇಷ್ಟ್ರಿಗೆ ಅದು ಇನ್ನೂ ಚುಚ್ಚುತ್ತದೆ. ಆಸನವನ್ನು ಗಾಜು ಬಿಚ್ಚದೆ ಕೆಳಗಿನಿಂದಲೇ ಇಳಿಸಲು ಸಾಧ್ಯವಾಗಿದ್ದು ಅದೃಷ್ಟ. ಕಾಕ್‌ಪಿಟ್‌ನ ನೆಲ ಒಂದು ಬದಿಗೆ ಅಂಟು ಬಿಟ್ಟಿತ್ತಷ್ಟೆ, ಮುರಿದಿರಲಿಲ್ಲ.

ಪ್ರಕರಣ ಇಲ್ಲಿಗೆ ಮುಗಿದಿಲ್ಲ. ಇದೇ ಕ್ರಮದಲ್ಲಿ ಸೀಸ ತುಂಬಿದ ಮಾದರಿಗಳು ಮೇಷ್ಟ್ರ ಕಪಾಟಿನಲ್ಲಿ ಬೇರೆಯೂ ಇವೆ, ಅವು ಬಣ್ಣ ಮುಗಿದಂಥವು. ಬಣ್ಣವಾಗದ್ದನ್ನು ಯೋಚಿಸದೆ ಬಿಚ್ಚಬಹುದು. ಮುಗಿದದ್ದಕ್ಕೆ ಮುಂದಿನ ಚಕ್ರದ ಗೂಡಿನ ಛಾವಣಿಯಲ್ಲಿ, ಹೊರಗೆ ಕಾಣದಂತೆ, ಸಣ್ಣ ರಂಧ್ರ ಕೊರೆದು ಒಳಗೆ ನೋಡುವುದು ಮೇಲು ಎಂದು ತೀರ್ಮಾನಿಸಿದೆವು. ಮೊದಲು ಕೊರೆದದ್ದು ಒಂದು ಹಾಕರ್ ಹಂಟರ್. ಹೊರಗೆ ಒಂದು ಬಿರುಕೂ ಇರಲಿಲ್ಲ, ಆದರೆ ಡ್ರಿಲ್‌ನ ತುದಿಗೆ ಬೂದು ಲೋಹದ ಜೊತೆ ಬಿಳಿ ಪುಡಿ ಬಂತು. ಅದನ್ನು ಬಿಚ್ಚಲು ಮೇಷ್ಟ್ರು ಒಪ್ಪಿದ್ದಾರೆ. ಉಳಿದವುಗಳನ್ನು ಅದಾದ ಮೇಲೆ ಒಂದೊಂದಾಗಿ ಕೊರೆದು ನೋಡಬೇಕು. ಅಲ್ಲಿಯವರೆಗೆ ಅವು ಮರದ ಕಪಾಟಿನ ಹೊರಗೆ, ಗಾಳಿಯಾಡುವ ಕಬ್ಬಿಣದ ಕಪಾಟಿನಲ್ಲಿ ಇವೆ.